ಕೆಮ್ಮಣ್ಣಿನ ಮೈದಾನದಲ್ಲಿ ಗೆರೆ ಎಳೆಯುವ ರೋಬಾಟ್: ಒಂದು ಹೋಬಳಿ ಕ್ರೀಡಾಕೂಟದ ಅನುಭವ

ಮಂಡ್ಯ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಕಳೆದ ಆಗಸ್ಟ್ ತಿಂಗಳಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಗೆರೆ ಎಳೆಯುವ ರೋಬಾಟ್ ಒಂದನ್ನು ಬೆಂಗಳೂರಿನಿಂದ ದಿನದ ಬಾಡಿಗೆಗೆ ತರಿಸಿದ್ದೆವು. ನಮ್ಮ ಶಾಲೆಯೊಂದೇ ಈ ಖರ್ಚನ್ನು ಹೊರುವ ಸ್ಥಿತಿಯಲ್ಲಿರಲಿಲ್ಲ; ಅಕ್ಕಪಕ್ಕದ ಮೂರು ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕೆಲವು ಹಳೆಯ ವಿದ್ಯಾರ್ಥಿಗಳು ಕೈ ಜೋಡಿಸಿದ್ದರಿಂದ ಅದು ಸಾಧ್ಯವಾಯಿತು. ಯಂತ್ರವು ನಮ್ಮಲ್ಲಿಗೆ ಎರಡು ಸಲ ಬಂದಿತು. ಅನಂತರ ಅದೇ ಯಂತ್ರವು ಮೈಸೂರಿನಲ್ಲಿ ಮಕ್ಕಳ ಫುಟ್‌ಬಾಲ್ ತರಬೇತಿ ನಡೆಯುವ ಹುಲ್ಲಿನ ಮೈದಾನವೊಂದರಲ್ಲಿ ಕೆಲಸ ಮಾಡುವುದನ್ನು ನೋಡಲು ನಾನೇ ಹೋಗಿದ್ದೆ. ಈ ಮೂರು ದಿನ ಕಣ್ಣಾರೆ ಕಂಡದ್ದನ್ನೂ ಟೇಪು ಹಿಡಿದು ಅಳೆದದ್ದನ್ನೂ ಆಧರಿಸಿ, ನಮ್ಮಂಥ ಮಣ್ಣಿನ ಮೈದಾನದ ಶಾಲೆಗಳಿಗೆ ಈ ಸೇವೆ ಯಾವ ಮಟ್ಟಿಗೆ ಉಪಯುಕ್ತ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೆರೆಯ ವಿಚಾರಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿಗೆ ನನ್ನದೇ ಒಂದು ತಪ್ಪನ್ನು ಮೊದಲು ಹೇಳಬೇಕು. ನಾನು ಇಪ್ಪತ್ತೆರಡು ವರ್ಷಗಳಿಂದ ಟ್ರ್ಯಾಕ್ ಹಾಕುತ್ತಿದ್ದೇನೆ. ಮಣ್ಣಿನ ಮೈದಾನದಲ್ಲಿ 200 ಮೀಟರ್ ಟ್ರ್ಯಾಕಿಗೆ ಎರಡು ಬದಿಯ ನೇರ ದಾರಿ ತಲಾ 40 ಮೀಟರ್ ಎಂದು ಇಟ್ಟುಕೊಂಡರೆ, ಉಳಿದ 120 ಮೀಟರ್ ಎರಡು ಅರ್ಧವೃತ್ತಗಳಿಗೆ ಹೋಗುತ್ತದೆ. ಆಗ ಓಟದ ತ್ರಿಜ್ಯ, ಅಂದರೆ ಒಂದನೇ ಲೇನಿನವರು ತಿರುವಿನಲ್ಲಿ ಓಡುವ ದಾರಿಯ ತ್ರಿಜ್ಯ, 19.10 ಮೀಟರ್ ಆಗುತ್ತದೆ. ಹಗ್ಗ ಹಿಡಿದು ಎಳೆಯಬೇಕಾದ ಒಳಗೆರೆಯ ತ್ರಿಜ್ಯ ಇದಕ್ಕಿಂತ ಕಡಿಮೆ. ಟ್ರ್ಯಾಕಿನ ಒಳ ಅಂಚಿನಲ್ಲಿ ಎತ್ತರಿಸಿದ ಕಟ್ಟೆ ಇದ್ದರೆ ಓಡುವವರು ಅದರಿಂದ ದೂರ ಸರಿದು ಓಡುತ್ತಾರೆಂದು 30 ಸೆಂಟಿಮೀಟರ್ ಕಳೆಯಬೇಕು. ಬರೀ ಗೆರೆ ಇದ್ದರೆ 20 ಸೆಂಟಿಮೀಟರ್ ಮಾತ್ರ ಕಳೆಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತರಬೇತಿ ಕಾಲೇಜಿನ ಟಿಪ್ಪಣಿಯಲ್ಲಿದ್ದ 30 ಸೆಂಟಿಮೀಟರ್ ಲೆಕ್ಕವನ್ನೇ ಹಿಡಿದು, ಕಟ್ಟೆಯಿಲ್ಲದ ಮೈದಾನದಲ್ಲಿ ಟ್ರ್ಯಾಕ್ ಹಾಕಿಬಿಟ್ಟೆ. ಅದರಿಂದ ಒಂದನೇ ಲೇನಿನ ಹುಡುಗಿ ಉಳಿದವರಿಗಿಂತ 63 ಸೆಂಟಿಮೀಟರ್ ಕಡಿಮೆ ಓಡಿದಳು. ನಾಲ್ಕನೇ ಲೇನಿನಲ್ಲಿ ಓಡಿದ, ತಂದೆಯಿಲ್ಲದ ಒಂಬತ್ತನೇ ತರಗತಿಯ ಮಗು ಎದೆಯಷ್ಟು ಅಂತರದಲ್ಲಿ ಮೂರನೆಯವಳಾಗಿ, ತಾಲ್ಲೂಕು ಮಟ್ಟಕ್ಕೆ ಹೋಗುವ ಅವಕಾಶ ಕಳೆದುಕೊಂಡಳು. 63 ಸೆಂಟಿಮೀಟರ್ ಎಂದರೆ ಆ ವಯಸ್ಸಿನ ಓಟಗಾರ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ತಪ್ಪು ಎಲ್ಲಿ ಆಯಿತೆಂದು ನನಗೆ ತಿಳಿದದ್ದು ಮರುವರ್ಷ. ಆ ಮಗುವಿಗೆ ಅದನ್ನು ತಿಳಿಸುವ ಹೊತ್ತಿಗೆ ಅವಳು ಶಾಲೆ ಬಿಟ್ಟಾಗಿತ್ತು.

ಹೀಗಾಗಿ, ಯಂತ್ರವೊಂದು ಸೆಂಟಿಮೀಟರ್ ಲೆಕ್ಕದಲ್ಲಿ ಗೆರೆ ಎಳೆಯುತ್ತದೆ ಎಂದು ಕೇಳಿದಾಗ ನನಗೆ ಹುಟ್ಟಿದ್ದು ಬರಿಯ ಕುತೂಹಲವಲ್ಲ. ಡೆನ್ಮಾರ್ಕಿನ ಟರ್ಫ್ ಟ್ಯಾಂಕ್ ಮತ್ತು ಟೈನಿ ಮೊಬೈಲ್ ರೋಬಾಟ್ಸ್, ಸ್ವಿಟ್ಜರ್ಲೆಂಡಿನ ಸ್ವೋಜಿ ಮುಂತಾದ ಕಂಪನಿಗಳು ಇಂಥ ಯಂತ್ರಗಳನ್ನು ತಯಾರಿಸುತ್ತವೆ. ಹೊರದೇಶಗಳಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನಗಳಿಗೆ ಇವುಗಳ ಬಳಕೆ ಈಗ ಸಾಮಾನ್ಯವಾಗಿದೆ. ನಮಗೆ ಬಂದ ಯಂತ್ರವು ಹೊಲಿಗೆ ಯಂತ್ರದ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಗಾಡಿಯಂತಿತ್ತು: ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಒಂದು ಚಿಕ್ಕ ಚಕ್ರ, ನಡುವೆ ಬಣ್ಣದ ಕ್ಯಾನು, ಅದರ ಕೆಳಗೆ ಬಣ್ಣ ಚಿಮ್ಮುವ ನಳಿಕೆ, ಮೇಲೆ ಅಣಬೆಯ ಆಕಾರದ ಆಂಟೆನಾ. ಬ್ಯಾಟರಿಯಲ್ಲಿ ನಡೆಯುವ ಈ ಗಾಡಿಗೆ ಆಪರೇಟರು ಟ್ಯಾಬ್ಲೆಟ್ಟಿನಿಂದ ಆದೇಶ ಕೊಡುತ್ತಾರೆ.

ಅದು ತನ್ನ ಜಾಗವನ್ನು ಕಂಡುಕೊಳ್ಳುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ನಮಗೆ ಆದ ತೊಂದರೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು. ನಮ್ಮ ಮೊಬೈಲಿನ ಜಿಪಿಎಸ್ ಕೆಲವು ಮೀಟರ್‌ಗಳಷ್ಟು ತಪ್ಪುತ್ತದೆ. ಉಪಗ್ರಹದಿಂದ ಬರುವ ಸಂಕೇತವು ವಾತಾವರಣವನ್ನು ಹಾದು ಬರುವಾಗ ತಡವಾಗುವುದು ಇದಕ್ಕೆ ಮುಖ್ಯ ಕಾರಣ. ಇದನ್ನು ಸರಿಪಡಿಸಲು ಮೈದಾನದ ಅಂಚಿನಲ್ಲಿ ಮುಕ್ಕಾಲಿಯ ಮೇಲೆ ಇನ್ನೊಂದು ಆಂಟೆನಾವನ್ನು ಅಲುಗಾಡದಂತೆ ನಿಲ್ಲಿಸುತ್ತಾರೆ. ಅದನ್ನು ಬೇಸ್ ಎನ್ನುತ್ತಾರೆ. ಬೇಸ್ ನಿಂತಲ್ಲೇ ನಿಂತಿರುವುದರಿಂದ, ಸಂಕೇತದಲ್ಲಿ ಕ್ಷಣಕ್ಷಣಕ್ಕೂ ಆಗುವ ತಪ್ಪನ್ನು ಲೆಕ್ಕ ಹಾಕಿ ರೇಡಿಯೊ ಮೂಲಕ ಗಾಡಿಗೆ ತಿಳಿಸುತ್ತಿರುತ್ತದೆ. ಗಾಡಿಯು ಆ ತಪ್ಪನ್ನು ಕಳೆದು, ಸುಮಾರು 19 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಗಳನ್ನೇ ಅಳತೆಗೋಲಾಗಿ ಬಳಸಿಕೊಂಡು, ಬೇಸಿನಿಂದ ತಾನು ಎಷ್ಟು ದೂರದಲ್ಲಿ ಯಾವ ದಿಕ್ಕಿಗಿದ್ದೇನೆ ಎಂಬುದನ್ನು ಒಂದೆರಡು ಸೆಂಟಿಮೀಟರ್ ಒಳಗೆ ಕಂಡುಹಿಡಿಯುತ್ತದೆ. ಈ ವಿಧಾನಕ್ಕೆ ಆರ್‌ಟಿಕೆ ಎಂದು ಹೆಸರು. ಅಲೆಗಳ ಎಣಿಕೆ ಖಚಿತವಾದಾಗ ಟ್ಯಾಬ್ಲೆಟ್ಟಿನ ತೆರೆಯ ಮೇಲೆ ‘ಫಿಕ್ಸ್’ ಎಂದು ಬರುತ್ತದೆ. ಎಣಿಕೆ ಇನ್ನೂ ಕೂಡಿ ಬಂದಿರದಿದ್ದರೆ ‘ಫ್ಲೋಟ್’ ಎಂದು ಬರುತ್ತದೆ. ಈ ಎರಡು ಪದಗಳನ್ನು ಬಾಡಿಗೆಗೆ ತರಿಸುವ ಪ್ರತಿಯೊಬ್ಬ ಶಿಕ್ಷಕರೂ ನೆನಪಿನಲ್ಲಿಡಬೇಕು.

ಮೊದಲ ದಿನ ಆಪರೇಟರು ಬೆಳಿಗ್ಗೆ ಆರಕ್ಕೆ ಬರುತ್ತೇನೆಂದವರು ಹತ್ತೂವರೆಗೆ ಬಂದರು. ಯುವಕರು, ಮಾತು ಸೌಜನ್ಯದ್ದು, ಯಂತ್ರದ ಬಗ್ಗೆ ಅವರಿಗೆ ಅಕ್ಕರೆಯೂ ಇತ್ತು. ಆದರೆ ಅವರ ಟ್ಯಾಬ್ಲೆಟ್ಟಿನಲ್ಲಿದ್ದ ನಕ್ಷೆಗಳಲ್ಲಿ ನಮ್ಮ ಮಕ್ಕಳು ಆಡುವ ಆಟಗಳೇ ಇರಲಿಲ್ಲ. ಫುಟ್‌ಬಾಲ್, ರಗ್ಬಿ, ಲಕ್ರಾಸ್, ಅಮೆರಿಕದ ಫುಟ್‌ಬಾಲ್ ಎಲ್ಲವೂ ಇದ್ದವು. ಓಟಕ್ಕೆ 84.39 ಮೀಟರ್ ನೇರ ದಾರಿ, 36.50 ಮೀಟರ್ ತ್ರಿಜ್ಯದ ಅಂತರರಾಷ್ಟ್ರೀಯ 400 ಮೀಟರ್ ಟ್ರ್ಯಾಕ್ ಒಂದೇ ಇತ್ತು. ಖೋ ಖೋ ಇರಲಿಲ್ಲ, ಥ್ರೋಬಾಲ್ ಇರಲಿಲ್ಲ, ಬಾಲ್ ಬ್ಯಾಡ್ಮಿಂಟನ್ ಇರಲಿಲ್ಲ. ಕಬಡ್ಡಿ ಇತ್ತು; ಅದು ಗಂಡಸರ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಮಾತ್ರ. ನಮ್ಮ ಹುಡುಗಿಯರಿಗೆ ಬೇಕಾದದ್ದು 12 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣ. ದೊಡ್ಡ ನಕ್ಷೆಯನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಸಾಲದೇ ಎಂದು ಆಪರೇಟರು ಕೇಳಿದರು. ಸಾಲದು. ಗಂಡಸರ ಅಂಕಣದಲ್ಲಿ ನಡುಗೆರೆಯಿಂದ, ರೇಡ್‌ಗೆ ಹೋದವರು ದಾಟಬೇಕಾದ ಬಾಕ್ ಗೆರೆಗೆ 3.75 ಮೀಟರ್, ಹೆಂಗಸರ ಅಂಕಣದಲ್ಲಿ 3 ಮೀಟರ್. ಆದರೆ ಅಲ್ಲಿಂದ ಬೋನಸ್ ಗೆರೆಗೆ ಎರಡರಲ್ಲೂ 1 ಮೀಟರ್, ಲಾಬಿಯ ಅಗಲವೂ ಎರಡರಲ್ಲೂ 1 ಮೀಟರ್. ಕುಗ್ಗಿಸಿದರೆ ಬದಲಾಗಬಾರದ ಅಳತೆಯೂ ಬದಲಾಗಿಬಿಡುತ್ತದೆ. ರೇಡ್‌ಗೆ ಹೋದ ಹುಡುಗಿ ಬಾಕ್ ಗೆರೆ ದಾಟಿದಳೋ ಇಲ್ಲವೋ ಎಂದು ತೀರ್ಪುಗಾರರು ಬಗ್ಗಿ ನೋಡುವಾಗ, ಗೆರೆಯೇ ತಪ್ಪು ಜಾಗದಲ್ಲಿದ್ದರೆ ಅವರ ತೀರ್ಪಿಗೆ ಏನು ಬೆಲೆ?

ಕೊನೆಗೆ ನಾನು ಪಕ್ಕದಲ್ಲಿ ಕುಳಿತು ಒಂದೊಂದೇ ಅಳತೆ ಹೇಳಿದೆ, ಅವರು ಹೊಸ ನಕ್ಷೆ ಬರೆದುಕೊಂಡರು. ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ತುದಿಗೆ ಕಂಬ, ನಡುವೆ ಎಂಟು ಚೌಕ, ಪ್ರತಿ ಚೌಕವನ್ನು ಹಾದುಹೋಗುವ ಅಡ್ಡಪಟ್ಟಿ. ಇಷ್ಟನ್ನು ಟ್ಯಾಬ್ಲೆಟ್ಟಿಗೆ ತುಂಬಲು ನಲವತ್ತು ನಿಮಿಷ ಹಿಡಿಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಆಟ ಬೇರೂರಿರುವ ಈ ಸೀಮೆಗೆ ಬಾಡಿಗೆಗೆ ಬರುವ ಯಂತ್ರದಲ್ಲಿ ಖೋ ಖೋ ನಕ್ಷೆ ಇಲ್ಲದಿರುವುದು ಸಣ್ಣ ಕೊರತೆಯಲ್ಲ. ತಂತ್ರಾಂಶದಲ್ಲಿ ಒಮ್ಮೆ ಬರೆದಿಟ್ಟರೆ ಎಲ್ಲ ಶಾಲೆಗಳಿಗೂ ಅದೇ ಸಾಕು ಎಂದು ಆಪರೇಟರಿಗೆ ಒತ್ತಿ ಹೇಳಿದೆ. ಅವರು ಅದನ್ನು ಉಳಿಸಿಕೊಂಡರು.

ಟ್ರ್ಯಾಕಿನ ಕೆಲಸ ಶುರುವಾದಾಗ ನನ್ನ ಅನುಮಾನ ಬಹುಪಾಲು ಕರಗಿತು. 200 ಮೀಟರ್ ಟ್ರ್ಯಾಕು, 1.22 ಮೀಟರ್ ಅಗಲದ ಆರು ಲೇನು. ಕಟ್ಟೆ ಇಲ್ಲವಾದ್ದರಿಂದ ಒಳಗೆರೆಯ ತ್ರಿಜ್ಯವನ್ನು 18.90 ಮೀಟರ್ ಎಂದು ನಾನೇ ಕೊಟ್ಟೆ. ಆಪರೇಟರು ತಾವಾಗಿ ಕಟ್ಟೆಯ ವಿಷಯ ಕೇಳಲಿಲ್ಲ, ಕೇಳಬೇಕಾಗಿತ್ತು. ಇಡೀ ಟ್ರ್ಯಾಕಿಗೆ 92.44 ಮೀಟರ್ ಉದ್ದ, 52.44 ಮೀಟರ್ ಅಗಲದ ಜಾಗ ಬೇಕು. ಏಳು ಗೆರೆಗಳನ್ನೂ ಕೂಡಿದರೆ ಸುಮಾರು 1,550 ಮೀಟರ್, ಅಂದರೆ ಒಂದೂವರೆ ಕಿಲೋಮೀಟರ್ ಗೆರೆ. ಹಿಂದೆ ಇಬ್ಬರು ಶಿಕ್ಷಕರು ಮತ್ತು ಎಂಟು ಮಕ್ಕಳು ಸೇರಿ ಹಗ್ಗ, ಗೂಟ, ಟೇಪು, ಸುಣ್ಣದ ಡಬ್ಬ ಹಿಡಿದು ಒಂದೂವರೆ ದಿನ ಮಾಡುತ್ತಿದ್ದ ಈ ಕೆಲಸವನ್ನು ಯಂತ್ರವು ಬಣ್ಣ ತುಂಬಿಸುವ ಬಿಡುವೂ ಸೇರಿ ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸಿತು. ತಿರುವಿನಲ್ಲಿ ಅದು ಹೋಗುವುದನ್ನು ನೋಡುವುದೇ ಒಂದು ತೃಪ್ತಿ. ಹಗ್ಗದಲ್ಲಿ ಎಳೆದ ಕಮಾನು ಗಾಳಿಗೆ, ಹಗ್ಗದ ಜಗ್ಗಾಟಕ್ಕೆ, ಎಳೆಯುವವರ ದಣಿವಿಗೆ ತಕ್ಕಂತೆ ಅಲ್ಲಲ್ಲಿ ಚಪ್ಪಟೆಯಾಗುತ್ತದೆ. ಇದು ಎಲ್ಲಿಯೂ ಉಬ್ಬದೆ ತಗ್ಗದೆ ಸಾಗಿತು.

ಆದರೂ ಕಣ್ಣಿನ ತೃಪ್ತಿಯನ್ನು ನಂಬಿ ಓಟ ನಡೆಸಲಾಗದು. ಅರ್ಧವೃತ್ತದ ಕೇಂದ್ರದಲ್ಲಿ ಮೊಳೆ ಹೊಡೆದು, ಉಕ್ಕಿನ ಟೇಪು ಸಿಕ್ಕಿಸಿ, ಹತ್ತು ಕಡೆ ಅಳೆದೆವು. ಮೂಡಣ ತಿರುವಿನಲ್ಲಿ ಹತ್ತೂ ಅಳತೆ 18.90ರಿಂದ 2 ಸೆಂಟಿಮೀಟರ್ ಒಳಗಿದ್ದವು. ಪಡುವಣ ತಿರುವಿನ ಕಥೆ ಬೇರೆ. ಅಲ್ಲಿ ಮೈದಾನದ ಅಂಚಿಗೆ ನಾಲ್ಕು ಹಳೆಯ ಮಳೆಮರಗಳಿವೆ. ಅವುಗಳ ಕೊಂಬೆಗಳು ಹೊರಗಿನ ಎರಡು ಲೇನುಗಳ ಮೇಲೆ ಚಾಚಿಕೊಂಡಿವೆ. ಮರದ ನೆರಳಿಗೆ ಹೋಗುತ್ತಿದ್ದಂತೆ ಗಾಡಿ ಒಮ್ಮೆ ತಡೆದು ನಿಂತಿತು. ಟ್ಯಾಬ್ಲೆಟ್ಟಿನಲ್ಲಿ ಹಸಿರಾಗಿದ್ದ ‘ಫಿಕ್ಸ್’ ಹೋಗಿ ಹಳದಿಯ ‘ಫ್ಲೋಟ್’ ಬಂತು. ಎಲೆಗಳ ದಟ್ಟಣೆಯಲ್ಲಿ ಉಪಗ್ರಹದ ಸಂಕೇತ ಮಂಕಾಗುತ್ತದೆ, ಕಾಂಡಕ್ಕೆ ಬಡಿದು ತಿರುಗಿ ಬಂದದ್ದು ಎಣಿಕೆಯನ್ನು ಕೆಡಿಸುತ್ತದೆ. ಹೊತ್ತು ಮೀರುತ್ತಿದ್ದುದರಿಂದ ಆಪರೇಟರು ಆ ಎಚ್ಚರಿಕೆಯನ್ನು ಬದಿಗೆ ತಳ್ಳಿ ಗಾಡಿಯನ್ನು ಮುಂದಕ್ಕೆ ಬಿಟ್ಟರು. ಆರನೇ ಲೇನಿನ ಹೊರಗೆರೆ ಅಲ್ಲಿ ಒಂದು ಹೆಜ್ಜೆಯ ಉದ್ದಕ್ಕೆ ಹಾವಿನಂತೆ ನುಲಿದುಕೊಂಡಿತು. ಟೇಪು ಹಿಡಿದಾಗ 14 ಸೆಂಟಿಮೀಟರ್ ವ್ಯತ್ಯಾಸ. ನಾನು ತೋರಿಸಿದ ಮೇಲೆ ಅವರು ಒಪ್ಪಿಕೊಂಡು, ಆ ಭಾಗಕ್ಕೆ ಮಣ್ಣು ಎರಚಿ ಅಳಿಸಿ, ಕೊನೆಗೆ ನಾವೇ ಹಗ್ಗ ಹಿಡಿದು ಸರಿಪಡಿಸಿದೆವು. ಮರವನ್ನು ಕಡಿಯುವ ಮಾತು ಆ ಹೊತ್ತಿನಲ್ಲಿ ಯಾರದೋ ಬಾಯಿಂದ ಬಂತು. ಬಿಸಿಲಲ್ಲಿ ಮಕ್ಕಳು ಸಾಲಾಗಿ ಕೂರುವುದು ಆ ಮರಗಳ ಕೆಳಗೇ ಎಂಬುದನ್ನು ನೆನಪಿಸಬೇಕಾಯಿತು.

ಓಟ ಆರಂಭವಾಗುವ ಜಾಗಗಳನ್ನು, ಅಂದರೆ ಸ್ಟ್ಯಾಗರ್ ಗುರುತುಗಳನ್ನು, ಯಂತ್ರ ಹಾಕಿದ ರೀತಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು. ಹೊರಗಿನ ಲೇನಿನ ಸುತ್ತು ಹೆಚ್ಚು ಉದ್ದವಾದ್ದರಿಂದ, ಕಟ್ಟೆಯಿಲ್ಲದ ಟ್ರ್ಯಾಕಿನಲ್ಲಿ ಒಂದು ಪೂರ್ಣ ಸುತ್ತಿಗೆ ಎರಡನೇ ಲೇನು 7.67 ಮೀಟರ್, ಮೂರನೆಯದು 15.33, ನಾಲ್ಕನೆಯದು 23.00, ಐದನೆಯದು 30.66, ಆರನೆಯದು 38.33 ಮೀಟರ್ ಮುಂದೆ ನಿಲ್ಲಬೇಕು. ಈ ದೂರವನ್ನು ಆಯಾ ಲೇನಿನ ಓಟದ ದಾರಿಯ ಉದ್ದಕ್ಕೂ, ಬಾಗಿದ ಗೆರೆಯ ಮೇಲೆ ಅಳೆಯಬೇಕು. ನೇರ ಟೇಪನ್ನು ಬಾಗಿದ ದಾರಿಗೆ ಹಿಡಿಯುವಾಗ ಎಲ್ಲ ಶಿಕ್ಷಕರೂ ಅಷ್ಟಿಷ್ಟು ತಪ್ಪುತ್ತೇವೆ. ಹೊರಗಿನ ಲೇನಿಗೆ ಹೋದಂತೆ ಆ ತಪ್ಪು ಬೆಳೆಯುತ್ತದೆ. ಯಂತ್ರವು ಕೋನದ ಲೆಕ್ಕದಲ್ಲಿ ಹೋಗುವುದರಿಂದ ಅದಕ್ಕೆ ಈ ತೊಡಕಿಲ್ಲ. ಹೆಣ್ಣುಮಕ್ಕಳ 200 ಮೀಟರ್ ಓಟದ ದಿನ ಆರೂ ಗುರುತುಗಳ ಮೇಲೆ ಆರು ಮಕ್ಕಳು ನಿಂತಾಗ, ಇವತ್ತು ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬ ನೆಮ್ಮದಿ ನನಗೆ ಮೊದಲ ಬಾರಿಗೆ ಪೂರ್ತಿಯಾಗಿ ಸಿಕ್ಕಿತು.

ಇನ್ನು ಬಣ್ಣದ ವಿಚಾರ. ಇಲ್ಲಿ ಯಂತ್ರ ನಮ್ಮ ನೆಲಕ್ಕೆ ಹೊಂದಿಕೊಳ್ಳಲಿಲ್ಲ. ಇಂಥ ಯಂತ್ರಗಳು ಮುಖ್ಯವಾಗಿ ಹುಲ್ಲಿನ ಮೈದಾನಕ್ಕೆ ಮತ್ತು ಕೃತಕ ಹುಲ್ಲಿಗೆ ತಯಾರಾದವು. ನೀರಿನಲ್ಲಿ ಕಲಸಿದ ಬಿಳಿ ಬಣ್ಣವು ಹುಲ್ಲಿನ ಎಸಳಿಗೆ ಅಂಟಿ ಒಣಗುತ್ತದೆ. ನಮ್ಮದು ಕೆಮ್ಮಣ್ಣು, ಮೇಲೆ ಬೆರಳುದ್ದ ಧೂಳು. ಹಿಂದಿನ ಸಂಜೆ ನೀರು ಚಿಮುಕಿಸಿ ರೋಲರ್ ಎಳೆದಿದ್ದ ಭಾಗದಲ್ಲಿ ಗೆರೆ ಚೆನ್ನಾಗಿ ಕುಳಿತಿತು. ನೀರು ಸಾಲದೆ ಬಿಟ್ಟಿದ್ದ ಪಡುವಣ ಭಾಗದಲ್ಲಿ, ಹಿಟ್ಟಿನ ಮೇಲೆ ಹಾಲು ಚೆಲ್ಲಿದರೆ ಹೇಗೋ ಹಾಗೆ, ಬಣ್ಣವು ಧೂಳನ್ನು ಸುತ್ತಿಕೊಂಡು ಗಂಟುಗಂಟಾಗಿ ಉರುಳಿತು. ನಾನು ಒಂದು ಗಂಟನ್ನು ಎತ್ತಿ ಅಂಗೈಯಲ್ಲಿ ಹಿಸುಕಿದೆ: ಹೊರಗೆ ಬಿಳಿ, ಒಳಗೆ ಒಣ ಕೆಂಪು ಪುಡಿ. ಅದು ನೆಲಕ್ಕೆ ಅಂಟಿಯೇ ಇರಲಿಲ್ಲ. ಮರುದಿನ ಬರಿಗಾಲಿನ ಮಕ್ಕಳು ನಾಲ್ಕು ಸುತ್ತು ಹೀಟ್ಸ್ (ಫೈನಲ್‌ಗೆ ಮುಂಚಿನ ಓಟಗಳು) ಓಡಿದ ಮೇಲೆ ಮೊದಲ ಎರಡು ಲೇನಿನ ಗೆರೆಗಳು ಮಧ್ಯಾಹ್ನದ ಊಟದ ಹೊತ್ತಿಗೇ ಮಸುಕಾದವು. ಊಟದ ಬಿಡುವಿನಲ್ಲಿ ಹಳೆಯ ತಗಡಿನ ಡಬ್ಬವನ್ನು ತೆಗೆದು, ಯಂತ್ರ ಎಳೆದಿದ್ದ ಗುರುತಿನ ಮೇಲೆಯೇ ಚಾಕ್ ಪುಡಿ ಬಿಟ್ಟೆವು. ಗುರುತು ಸರಿಯಾಗಿದ್ದುದರಿಂದ ಹಗ್ಗವೂ ಬೇಕಾಗಲಿಲ್ಲ, ಟೇಪೂ ಬೇಕಾಗಲಿಲ್ಲ; ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ನಮ್ಮಂಥ ಮೈದಾನಕ್ಕೆ ಈ ಯಂತ್ರದ ನಿಜವಾದ ಬೆಲೆ ಅದರ ಅಳತೆಯಲ್ಲಿದೆ, ಬಣ್ಣದಲ್ಲಿ ಅಲ್ಲ ಎಂಬುದು ನನಗೆ ಅರ್ಥವಾದದ್ದು ಆ ಇಪ್ಪತ್ತು ನಿಮಿಷದಲ್ಲಿ.

ಮೈಸೂರಿನ ಹುಲ್ಲಿನ ಮೈದಾನದಲ್ಲಿ ಇದೇ ಯಂತ್ರ ಬೇರೆಯೇ ಯಂತ್ರವೆಂಬಂತೆ ಕೆಲಸ ಮಾಡಿತು. ಅಲ್ಲಿ ಹತ್ತು ವರ್ಷದೊಳಗಿನವರು, ಹನ್ನೆರಡು ವರ್ಷದೊಳಗಿನವರು ಮತ್ತು ದೊಡ್ಡ ಮಕ್ಕಳು ಒಂದೇ ಮೈದಾನವನ್ನು ಹಂಚಿಕೊಳ್ಳುತ್ತಾರೆ. ದೊಡ್ಡವರ ಅಂಕಣವನ್ನು ಬಿಳಿಯಲ್ಲಿ ಎಳೆದು, ಅದರೊಳಗೇ ಚಿಕ್ಕವರ ಎರಡು ಅಂಕಣಗಳನ್ನು ಅಡ್ಡಲಾಗಿ ನೀಲಿಯಲ್ಲಿ ಎಳೆದರು. 9.15 ಮೀಟರ್ ತ್ರಿಜ್ಯದ ನಡುವೃತ್ತ, 16.5 ಮೀಟರಿನ ಪೆನಾಲ್ಟಿ ಆವರಣ, 11 ಮೀಟರಿನ ಪೆನಾಲ್ಟಿ ಚುಕ್ಕೆ, ಎಲ್ಲವೂ ಒಂದು ಸಲಕ್ಕೇ ಕುಳಿತವು. ಫುಟ್‌ಬಾಲ್ ನಿಯಮದಲ್ಲಿ ಗೆರೆಯ ಅಗಲ 12 ಸೆಂಟಿಮೀಟರ್ ಮೀರುವಂತಿಲ್ಲ; ಕೈಯಿಂದ ಎಳೆದ ಗೆರೆ ಆರಂಭದಲ್ಲಿ ಸಣ್ಣಗಿದ್ದು ಕೊನೆಗೆ ಅಗಲವಾಗುವುದು ಸಾಮಾನ್ಯ. ಇದು ತುದಿಯಿಂದ ತುದಿಗೆ ಒಂದೇ ಅಗಲ ಉಳಿಸಿಕೊಂಡಿತು. ಎರಡು ವಾರದ ನಂತರವೂ, ಒಮ್ಮೆ ಹುಲ್ಲು ಕತ್ತರಿಸಿದ ಮೇಲೂ, ಗೆರೆ ಕಾಣುತ್ತಿತ್ತು ಎಂದು ಅಲ್ಲಿನ ತರಬೇತುದಾರರು ತಿಳಿಸಿದರು. ಹುಲ್ಲಿನ ಮೈದಾನ ಇರುವವರಿಗೆ ನಾನು ಈ ಸೇವೆಯನ್ನು ಎರಡನೇ ಮಾತಿಲ್ಲದೆ ಶಿಫಾರಸು ಮಾಡುತ್ತೇನೆ. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿರುವಂಥ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಗೆರೆಗಳು ಶಾಶ್ವತವಾಗಿರುವುದರಿಂದ ಅಲ್ಲಿ ಇದರ ಅಗತ್ಯವೇ ಇಲ್ಲ. ಪ್ರಶ್ನೆ ಇರುವುದು ನಮ್ಮಂಥ ಮಣ್ಣಿನ ಮೈದಾನಗಳದ್ದು. ಹಳ್ಳಿಯ ಶಾಲೆಗಳಲ್ಲಿ ಹೆಚ್ಚಿನವು ಅಂಥವೇ.

ಈ ಸೇವೆಯ ಬಗ್ಗೆ ನನಗಿರುವ ದೊಡ್ಡ ದೂರು ಎರಡನೇ ಭೇಟಿಗೆ ಸಂಬಂಧಿಸಿದ್ದು. ಮೊದಲ ದಿನದ ಆಟಗಳು ಮುಗಿದ ರಾತ್ರಿ ಜೋರು ಮಳೆ ಬಂತು. ನಾಲೆಯ ಬಯಲಿನ ಮೈದಾನವಾದ್ದರಿಂದ ನೀರು ನಿಂತು, ಉಳಿದ ಪಂದ್ಯಗಳು ಮೂರು ದಿನ ಮುಂದಕ್ಕೆ ಹೋದವು. ಗೆರೆಗಳು ಮುಕ್ಕಾಲು ಪಾಲು ಅಳಿಸಿಹೋಗಿದ್ದರೂ ಅಲ್ಲಲ್ಲಿ ನೆರಳಿನಂತೆ ಉಳಿದಿದ್ದವು. ನಕ್ಷೆ ಯಂತ್ರದ ನೆನಪಿನಲ್ಲಿದೆ, ಬಂದು ಒಂದು ಗುಂಡಿ ಒತ್ತಿದರೆ ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ ಬರುತ್ತದೆ ಎಂದು ಸಂಸ್ಥೆಯವರು ಫೋನಿನಲ್ಲಿ ಭರವಸೆ ಕೊಟ್ಟರು. ಅರ್ಧ ದಿನದ ಬಾಡಿಗೆ ಕೊಟ್ಟು ಕರೆಸಿದೆವು. ಹೊಸ ಗೆರೆ ಹಳೆಯದಕ್ಕಿಂತ ಒಂದೂವರೆ ಮೀಟರ್ ಬಡಗಣಕ್ಕೆ ಬಂತು. ಟ್ರ್ಯಾಕಿನ ಒಳಗಿನ ಅಳತೆಗಳೆಲ್ಲ ಸರಿಯಾಗಿಯೇ ಇದ್ದವು, ಆದರೆ ಟ್ರ್ಯಾಕ್ ಇಡಿಯಾಗಿ ಸರಿದಿತ್ತು. ಹಳೆಯ ಗೆರೆಯ ನೆರಳು ಮತ್ತು ಹೊಸ ಗೆರೆ ಎರಡೂ ಕಾಣುತ್ತಿದ್ದರಿಂದ ಚಿಕ್ಕ ಮಕ್ಕಳು ಲೇನು ತಪ್ಪಿದರು. ಒಬ್ಬ ಹುಡುಗ ಅನರ್ಹನಾಗುವುದರಲ್ಲಿದ್ದ. ತೀರ್ಪುಗಾರರು ಕಾರಣವನ್ನು ಅರ್ಥಮಾಡಿಕೊಂಡು ಆ ಹೀಟ್ ಅನ್ನು ಮತ್ತೆ ಓಡಿಸಿದರು.

ಹೀಗೆ ಆಗಲು ಕಾರಣ ಬೇಸ್. ಗಾಡಿ ತನ್ನ ಜಾಗವನ್ನು ಲೆಕ್ಕ ಹಾಕುವುದು ಬೇಸಿನಿಂದ. ಮೊದಲ ದಿನ ಮುಕ್ಕಾಲಿಯನ್ನು ನಿಲ್ಲಿಸಿದ್ದ ಜಾಗಕ್ಕೆ ಆಪರೇಟರು ಯಾವ ಗುರುತನ್ನೂ ಹಾಕಿರಲಿಲ್ಲ. ಎರಡನೇ ಸಲ ಬೇರೆ ಕಡೆ ನಿಲ್ಲಿಸಿ, ತನ್ನ ಜಾಗವನ್ನು ತಾನೇ ಅಂದಾಜು ಮಾಡಿಕೊಳ್ಳಲು ಬೇಸಿಗೆ ಬಿಟ್ಟರು. ಒಂಟಿಯಾಗಿ ಮಾಡುವ ಆ ಅಂದಾಜು ಮೊಬೈಲಿನ ಜಿಪಿಎಸ್‌ನಂತೆಯೇ ಒಂದೆರಡು ಮೀಟರ್ ತಪ್ಪುವುದು ಸಹಜ. ಬೇಸ್ ತಪ್ಪಿದರೆ ಅದನ್ನು ನಂಬಿದ ಗಾಡಿಯೂ ಅಷ್ಟೇ ತಪ್ಪುತ್ತದೆ. ಬೇಸ್ ಬದಲಿಗೆ ಮೊಬೈಲ್ ಜಾಲದ ಮೂಲಕ ಶಾಶ್ವತ ಕೇಂದ್ರಗಳಿಂದ ತಿದ್ದುಪಡಿ ಪಡೆಯುವ ದಾರಿಯೂ ಇದೆ. ಸರ್ವೇ ಆಫ್ ಇಂಡಿಯಾ ಕರ್ನಾಟಕದಲ್ಲಿ ‘ಕಾರ್ಸ್’ ಎಂಬ ಇಂಥ ಕೇಂದ್ರಗಳ ಜಾಲವನ್ನು ಸ್ಥಾಪಿಸಿದೆ. ಅದನ್ನು ಬಳಸಿದರೆ ಈ ಸರಿದಾಟ ಆಗದು; ಆದರೆ ನಮ್ಮ ಊರಿನಲ್ಲಿ ಮೊಬೈಲ್ ಸಂಕೇತ ಆಗಾಗ ಕಡಿಯುವುದರಿಂದ ಆಪರೇಟರು ಅದಕ್ಕೆ ಕೈ ಹಾಕಲಿಲ್ಲ. ಸಂಸ್ಥೆಯವರು ತಪ್ಪು ತಮ್ಮದೆಂದು ಒಪ್ಪಿಕೊಳ್ಳಲು ಎರಡು ವಾರ ತೆಗೆದುಕೊಂಡರು, ಪ್ರಯಾಣದ ವೆಚ್ಚವನ್ನು ಮಾತ್ರ ಹಿಂದಿರುಗಿಸಿದರು. ನಮ್ಮ ಮೈದಾನದ ನಕ್ಷೆಯ ಕಡತವನ್ನು ಕೊಡಿ ಎಂದು ಕೇಳಿದ್ದಕ್ಕೆ ಅದು ತಮ್ಮ ಬಳಿಯೇ ಇರುತ್ತದೆ ಎಂದರು. ನಮ್ಮ ಮೈದಾನದ ಅಳತೆ ನಮ್ಮ ಶಾಲೆಯ ಕಪಾಟಿನಲ್ಲಿರಬೇಕು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಖರ್ಚಿನ ಲೆಕ್ಕ ಹೇಳುವುದಾದರೆ, ಮೊದಲ ದಿನಕ್ಕೆ ಪ್ರಯಾಣವೂ ಸೇರಿ 14,000 ರೂಪಾಯಿ, ಬಣ್ಣಕ್ಕೆ ಬೇರೆ. ನಾಲ್ಕು ಶಾಲೆಗಳಿಗೆ ಹಂಚಿದಾಗ ತಲಾ 3,500 ರೂಪಾಯಿ ಬಿತ್ತು. ಟ್ರ್ಯಾಕಿಗೆ ಮಾತ್ರ 18 ಲೀಟರ್ ಬಣ್ಣ ಹಿಡಿಯಿತು. ಹುಲ್ಲಾಗಿದ್ದರೆ ಅಷ್ಟು ಬೇಕಾಗುತ್ತಿರಲಿಲ್ಲ, ಮಣ್ಣು ಹೀರಿಕೊಂಡಿತು. ಒಂದೇ ಶಾಲೆಗೆ ಇದು ಹೊರೆ. ಹೋಬಳಿಯ ಶಾಲೆಗಳೆಲ್ಲ ಕೂಡಿ, ಒಂದೇ ವಾರದಲ್ಲಿ ಒಂದರ ಹಿಂದೆ ಒಂದರಂತೆ ಮೈದಾನಗಳನ್ನು ಮುಗಿಸುವಂತೆ ಗೊತ್ತು ಮಾಡಿಕೊಂಡರೆ ಪ್ರಯಾಣದ ಖರ್ಚಾದರೂ ಇಳಿಯುತ್ತದೆ.

ಹಣದ ಲೆಕ್ಕಕ್ಕೆ ಬಾರದ ಒಂದು ಲಾಭವನ್ನು ಮಾತ್ರ ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಯಂತ್ರ ಬಂದ ದಿನ ಯಾವ ಮಗುವೂ ಸುಣ್ಣದ ಬುಟ್ಟಿ ಹೊರಲಿಲ್ಲ. ಹಲವು ಕಡೆ ಈಗಲೂ ಗೆರೆಗೆ ಅರಳಿದ ಸುಣ್ಣದ ಪುಡಿಯನ್ನೇ ಬಳಸುತ್ತಾರೆ, ಕೆಲವೊಮ್ಮೆ ಸರಿಯಾಗಿ ಅರಳದ ಸುಟ್ಟ ಸುಣ್ಣವೂ ಅದರಲ್ಲಿ ಬೆರೆತಿರುತ್ತದೆ. ಸುಟ್ಟ ಸುಣ್ಣ ನೀರು ತಾಗಿದೊಡನೆ ಕುದಿಯುವಷ್ಟು ಬಿಸಿಯಾಗುತ್ತದೆ. ಅರಳಿದ ಸುಣ್ಣವೂ ತೀಕ್ಷ್ಣವಾದ ಕ್ಷಾರವೇ. ಕಬಡ್ಡಿಯಲ್ಲಿ ಬಿದ್ದು ತರಚಿದ ಮೊಣಕಾಲಿಗೆ, ಬೆವರಿದ ಕಣ್ಣಿಗೆ ಅದು ಸೇರಿದರೆ ಆಗುವ ಅಪಾಯವನ್ನು ನೋಡಿದವರು ಮತ್ತೆ ಆ ಪುಡಿಯನ್ನು ಮುಟ್ಟುವುದಿಲ್ಲ. ಯಂತ್ರ ತರಿಸಲಾಗದ ಶಾಲೆಯವರು ಕೂಡ ದಯವಿಟ್ಟು ಚಾಕ್ ಪುಡಿಯನ್ನೇ ಬಳಸಬೇಕು. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಚರ್ಮವನ್ನು ಸುಡುವುದಿಲ್ಲ.

ಯಂತ್ರ ಬಂದರೆ ಮಕ್ಕಳು ಕಲಿಯುವುದು ತಪ್ಪಿಹೋಗುತ್ತದೆ ಎಂಬ ಆತಂಕವನ್ನು ಒಬ್ಬ ಗಣಿತ ಶಿಕ್ಷಕರು ವ್ಯಕ್ತಪಡಿಸಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. 3, 4, 5 ಮೀಟರಿನ ಹಗ್ಗ ಹಿಡಿದು ಲಂಬಕೋನ ಹಾಕುವುದನ್ನು ನಮ್ಮ ಮಕ್ಕಳು ಮೈದಾನದಲ್ಲೇ ಕಲಿಯುತ್ತಿದ್ದರು. ಆದ್ದರಿಂದ ಯಂತ್ರ ಎಳೆದದ್ದನ್ನು ಪರೀಕ್ಷಿಸುವ ಕೆಲಸವನ್ನು ಒಂಬತ್ತನೇ ತರಗತಿಗೇ ಒಪ್ಪಿಸಿದೆವು. 12 ಮತ್ತು 8 ಮೀಟರಿನ ಕಬಡ್ಡಿ ಅಂಕಣದ ಕರ್ಣ 14.42 ಮೀಟರ್ ಬರಬೇಕು ಎಂದು ಅವರು ಮೊದಲು ಹಲಗೆಯ ಮೇಲೆ ಲೆಕ್ಕ ಮಾಡಿದರು, ಆಮೇಲೆ ಟೇಪು ಹಿಡಿದರು: ಒಂದು ಕರ್ಣ 14.42, ಇನ್ನೊಂದು 14.41. 18 ಮತ್ತು 9 ಮೀಟರಿನ ವಾಲಿಬಾಲ್ ಅಂಕಣದ ಕರ್ಣ 20.12 ಮೀಟರ್ ಎಂದು ಲೆಕ್ಕ ಬಂದಾಗ, ಸರ್, ಇದು ಕ್ರಿಕೆಟ್ ಪಿಚ್ಚಿನ ಉದ್ದವಲ್ಲವೇ ಎಂದು ಒಬ್ಬಳು ಕೂಗಿದಳು. ಹೌದು, ವಿಕೆಟ್‌ನಿಂದ ವಿಕೆಟ್‌ಗೆ ಅಷ್ಟೇ ದೂರ. ಇಪ್ಪತ್ತೆರಡು ವರ್ಷ ಎರಡೂ ಅಂಕಣಗಳನ್ನು ಹಾಕಿದ ನನಗೆ ಅದು ಹೊಳೆದಿರಲಿಲ್ಲ.

ಎರಡನೇ ಭೇಟಿಯ ಗೊಂದಲ ಮುಗಿದ ಮೇಲೆ ನಾವು ಮಾಡಿದ ಕೆಲಸವನ್ನು ಇದೇ ದಾರಿಯಲ್ಲಿ ಯೋಚಿಸುತ್ತಿರುವವರಿಗಾಗಿ ಹೇಳುತ್ತೇನೆ. ಯಂತ್ರ ಹೊರಡುವ ಮುನ್ನ ಎರಡು ಅರ್ಧವೃತ್ತಗಳ ಕೇಂದ್ರ, ನೇರ ದಾರಿಯ ನಾಲ್ಕು ತುದಿ, ಆರು ಸ್ಟ್ಯಾಗರ್ ಜಾಗ, ಕಬಡ್ಡಿ ಮತ್ತು ಖೋ ಖೋ ಅಂಕಣಗಳ ಮೂಲೆಗಳು, ಇಷ್ಟಕ್ಕೂ ಚುಕ್ಕೆ ಹಾಕಿಸಿಕೊಂಡೆವು. ಆ ಚುಕ್ಕೆಗಳಲ್ಲಿ ಒಂದೂವರೆ ಅಡಿ ಉದ್ದದ ಕಬ್ಬಿಣದ ಸರಳುಗಳನ್ನು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಹೋಗುವಂತೆ ಹೊಡೆದು, ಸುತ್ತ ಸಿಮೆಂಟ್ ಹಾಕಿ, ಮೇಲೆ ಮಣ್ಣು ಮುಚ್ಚಿದೆವು. ಮಕ್ಕಳ ಕಾಲಿಗೆ ತಾಗದಂತೆ ಆಳ ನೋಡಿಕೊಳ್ಳುವುದು ಬಹಳ ಮುಖ್ಯ. ಧ್ವಜಕಂಬದಿಂದ ಮತ್ತು ಶಾಲೆಯ ಮೂಲೆಗಲ್ಲಿನಿಂದ ಪ್ರತಿ ಸರಳಿಗೆ ಇರುವ ದೂರವನ್ನು ಅಳೆದು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ನವೆಂಬರಿನಲ್ಲಿ ಶಾಲಾ ಮಟ್ಟದ ಆಟಗಳಿಗೆ ಯಂತ್ರವಿಲ್ಲದೆ, ಆ ಸರಳುಗಳನ್ನು ಹುಡುಕಿ ತೆಗೆದು, ಚಾಕ್ ಪುಡಿಯಲ್ಲಿ ಟ್ರ್ಯಾಕ್ ಹಾಕಿದೆವು. ಇಬ್ಬರು ಶಿಕ್ಷಕರು ಮೂರು ಗಂಟೆಯಲ್ಲಿ ಮುಗಿಸಿದೆವು, ಯಾವ ತರಗತಿಯ ಪಾಠವೂ ತಪ್ಪಲಿಲ್ಲ.

ಮುಂದಿನ ಆಗಸ್ಟ್‌ಗೆ ಪಕ್ಕದ ಹೋಬಳಿಯ ಐದು ಶಾಲೆಗಳು ಯಂತ್ರವನ್ನು ಕರೆಸಲು ತೀರ್ಮಾನಿಸಿವೆ. ಒಪ್ಪಂದದ ಕಾಗದ ಬರೆಯಲು ನನ್ನನ್ನು ಕೇಳಿಕೊಂಡರು. ಬೇಸ್ ನಿಲ್ಲಿಸುವ ಜಾಗಕ್ಕೆ ಶಾಶ್ವತ ಗುರುತು ಹಾಕಬೇಕು, ‘ಫ್ಲೋಟ್’ ಬಂದಾಗ ಗಾಡಿಯನ್ನು ಓಡಿಸಕೂಡದು, ಟೇಪಿನಲ್ಲಿ ಪರೀಕ್ಷಿಸಿ ಸಹಿ ಮಾಡಿದ ಮೇಲೆಯೇ ಹಣ, ನಕ್ಷೆಯ ಕಡತದ ಒಂದು ಪ್ರತಿ ಶಾಲೆಗೆ, ಕೆಲಸ ಬೆಳಿಗ್ಗೆ ಏಳಕ್ಕೆ ಶುರು ಎಂದು ಬರೆದಿದ್ದೇನೆ. ಟ್ರ್ಯಾಕಿಗೆ ಬಣ್ಣ ಬೇಡ, ಸರಳು ಹೊಡೆಯಬೇಕಾದ ಕಡೆ ಚುಕ್ಕೆ ಮಾತ್ರ ಸಾಕು ಎಂದೂ ಸೇರಿಸಿದ್ದೇನೆ. ಅದರಿಂದ ಐದು ಮೈದಾನಗಳನ್ನು ಎರಡೇ ದಿನದಲ್ಲಿ ಮುಗಿಸಬಹುದು ಎಂದು ಆಪರೇಟರು ಒಪ್ಪಿದ್ದಾರೆ.